ಉಲ್ಲೇಖ ಯಾರು ತೀರಿಸಬೇಕಾದ ಋಣ?

1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎರಡು ಪುಟದ ಒಂದು ಪ್ರಬಂಧ ಅಚ್ಚಾಯಿತು. ಬರೆದವರು ಕಲ್ಕತ್ತೆಯ ರೋಗಶಾಸ್ತ್ರಜ್ಞ ಶಂಭುನಾಥ ಡೇ. ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಅವರು ಒಂದೂ ಜೀವಾಣು ಉಳಿಯದಂತೆ ಸೋಸಿದರು. ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ತುದಿಗೆ ಕಟ್ಟಿ, ಸೋಸಿದ ದ್ರವವನ್ನು ಅದರೊಳಕ್ಕೆ ಚುಚ್ಚಿದರು. ಕರುಳು ನೀರು ತುಂಬಿಕೊಂಡು ಉಬ್ಬಿತು. ಕಾಲರಾ ರೋಗಿಯ ಮೈನೀರನ್ನೆಲ್ಲ ಕರುಳಿಗೆ ಎಳೆದು ಹೊರಹಾಕಿಸುವುದು ಬ್ಯಾಕ್ಟೀರಿಯಾ ಸ್ರವಿಸುವ ಒಂದು ವಿಷ ಎಂಬುದು ಹೀಗೆ ಗೊತ್ತಾಯಿತು. ಅದೇ ಕಲ್ಕತ್ತೆಗೆ ಬಂದಿದ್ದ ರಾಬರ್ಟ್ ಕಾಕ್ ಇಂಥ ವಿಷ ಇರಬೇಕೆಂದು 1884ರಲ್ಲಿ ಊಹಿಸಿದ್ದರು. ಊಹೆಗೆ ಸಾಕ್ಷ್ಯ ಸಿಗಲು 75 ವರ್ಷ ಬೇಕಾಯಿತು.

ಪ್ರಬಂಧ ಬಂದ ಮೇಲೂ ಹಲವು ವರ್ಷ ಅದಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ.

ಹಾಗಾದರೆ ಯಾರೂ ಅಷ್ಟಾಗಿ ಉಲ್ಲೇಖಿಸದಿದ್ದ ಆ ವರ್ಷಗಳಲ್ಲಿ ಡೇ ಅವರ ಕೆಲಸದ ಬೆಲೆ ಎಷ್ಟಿತ್ತು? ಭಾರತೀಯ ದರ್ಶನಗಳು ಇದಕ್ಕೆ ತೀರ ಹತ್ತಿರದ ಪ್ರಶ್ನೆಯನ್ನೇ ಇಟ್ಟುಕೊಂಡು ಶತಮಾನಗಳ ಕಾಲ ವಾದಿಸಿವೆ. ಜ್ಞಾನಕ್ಕೆ ಪ್ರಾಮಾಣ್ಯ, ಅಂದರೆ ಅದು ನಿಜವೆಂಬ ಖಾತ್ರಿ, ಎಲ್ಲಿಂದ ಬರುತ್ತದೆ? ಅದು ಜ್ಞಾನದಲ್ಲೇ ಇದೆ, ಬಾಧಕ ಕಾಣುವವರೆಗೆ ಹೊರಗಿನ ಒಪ್ಪಿಗೆ ಬೇಕಿಲ್ಲ ಎಂದರು ಮೀಮಾಂಸಕರು. ಹೊರಗಿನಿಂದಲೇ ಬರಬೇಕು ಎಂದರು ನೈಯಾಯಿಕರು. ಒಂದು ಪ್ರಬಂಧವನ್ನು ಎಷ್ಟು ಪ್ರಬಂಧಗಳು ಹೆಸರಿಸಿವೆ ಎಂದು ಎಣಿಸುವ ಇಂದಿನ ಉಲ್ಲೇಖ ಗಣನೆ ಮೇಲ್ನೋಟಕ್ಕೆ ನೈಯಾಯಿಕರ ಪಕ್ಷದಂತೆ ಕಾಣುತ್ತದೆ. ಆದರೆ ಅವರು ಕೇಳಿದ್ದು ಎಷ್ಟು ಜನ ಒಪ್ಪಿದರು ಎಂದಲ್ಲ. ದೂರದಲ್ಲಿ ನೀರು ಕಂಡಿತು. ಹೋಗಿ ಕುಡಿದಾಗ ಬಾಯಾರಿಕೆ ಹಿಂಗಿತೇ? ಅವರು ಒಡ್ಡಿದ ಪರೀಕ್ಷೆ ಅದು.

ಕಾಲರಾ ವಿಷಯದಲ್ಲಿ ಈ ಪರೀಕ್ಷೆ ಅಕ್ಷರಶಃ ನಡೆದಿದೆ. ಕೊಲ್ಲುವುದು ಮೈನೀರಿನ ನಷ್ಟವಾದರೆ, ಆ ನೀರನ್ನು ಮರಳಿ ಕೊಟ್ಟಾಗ ರೋಗಿ ಉಳಿಯಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಂದ ತುಂಬಿಹೋಗಿದ್ದ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್ ಮತ್ತು ಉಪ್ಪು ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ಆ ಕುರಿತ ಅವರ ಪ್ರಬಂಧ ಪ್ರಕಟವಾದದ್ದು 1973ರಲ್ಲಿ. ಬದುಕಿದವರು ಅದಕ್ಕೂ ಮೊದಲೇ ಬದುಕಿದ್ದರು.

ಇಂದಿನ ಎಣಿಕೆಗೆ ದಾರಿ ಮಾಡಿದ ಉಲ್ಲೇಖಗಳ ಸೂಚಿಯ ಕಲ್ಪನೆಯನ್ನು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮುಂದಿಟ್ಟವರು ಯೂಜೀನ್ ಗಾರ್‌ಫೀಲ್ಡ್. ಹಳೆಯ ಪ್ರಬಂಧವೊಂದನ್ನು ಮುಂದೆ ಯಾರು ಟೀಕಿಸಿದ್ದಾರೆ, ಅದರ ಯಾವ ಮಾತು ಸುಳ್ಳೆಂದು ತಿಳಿದುಬಂದಿದೆ ಎಂಬುದು ಓದುಗನಿಗೆ ಸಿಗಲಿ ಎಂಬುದು ಅವರ ಆಶಯವಾಗಿತ್ತು. ಓದುಗನಿಗಾಗಿ ಹುಟ್ಟಿದ ಸೂಚಿ ಕ್ರಮೇಣ ಬರೆದವನನ್ನು ತೂಗುವ ತಕ್ಕಡಿಯಾಯಿತು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್-ಇಂಡೆಕ್ಸ್ ಸೂಚಿಸಿದ ಮೇಲೆ ಒಬ್ಬ ಸಂಶೋಧಕನ ಇಡೀ ಬಾಳನ್ನು ಒಂದೇ ಅಂಕಿಯಲ್ಲಿ ಹೇಳಿಬಿಡಬಹುದಾಯಿತು. ತಲಾ ಕನಿಷ್ಠ 20 ಉಲ್ಲೇಖ ಪಡೆದ 20 ಪ್ರಬಂಧಗಳಿದ್ದರೆ ಆತನ ಅಂಕಿ 20.

ಈ ಅಂಕಿಗೆ ಕೃತಜ್ಞತೆ, ಖಂಡನೆ ಎರಡೂ ಒಂದೇ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಆಂಡ್ರೂ ವೇಕ್‌ಫೀಲ್ಡ್ ಅವರ 1998ರ ಪ್ರಬಂಧ 12 ಮಕ್ಕಳ ಮೇಲೆ ನಿಂತಿತ್ತು. ‘ಲ್ಯಾನ್ಸೆಟ್’ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು. ಅದಕ್ಕೆ ಬಂದಿರುವ ಉಲ್ಲೇಖಗಳು ಸಾವಿರ ದಾಟಿವೆ. ಬಹಳಷ್ಟು ಅದನ್ನು ಅಲ್ಲಗಳೆಯಲು ಬರೆದವು. ಅದನ್ನು ನಂಬಿ ಲಸಿಕೆ ಹಾಕಿಸದ ಮನೆಗಳಲ್ಲಿ ದಡಾರಕ್ಕೆ ಸಿಕ್ಕಿದ ಮಕ್ಕಳು ಯಾವ ಎಚ್-ಇಂಡೆಕ್ಸಿನಲ್ಲೂ ಕಾಣುವುದಿಲ್ಲ.

ಉಲ್ಲೇಖವನ್ನು ಗಳಿಕೆ ಎಂದುಕೊಂಡದ್ದರಲ್ಲೇ ದೋಷವಿದೆ. ಬ್ರಾಹ್ಮಣ ಹುಟ್ಟುವಾಗಲೇ ಹೊತ್ತು ತರುವ ಮೂರು ಋಣಗಳನ್ನು ತೈತ್ತಿರೀಯ ಸಂಹಿತೆ ಹೇಳುತ್ತದೆ. ಅವುಗಳಲ್ಲಿ ಒಂದು ಋಷಿಋಣ, ತಿಳಿವನ್ನು ಕೊಟ್ಟವರ ಋಣ. ಅದು ತೀರುವುದು ಬ್ರಹ್ಮಚರ್ಯದಿಂದ, ಅಂದರೆ ಗುರುವಿನ ಬಳಿ ಮಾಡುವ ಅಧ್ಯಯನದಿಂದ. ಹೀಗೆ ನೋಡಿದರೆ ಪ್ರಬಂಧದ ಕೊನೆಯಲ್ಲಿ ಹಿಂದಿನವರ ಹೆಸರು ಬರೆಯುವುದು ಬರೆಯುವವನ ಹೊಣೆ. ಹೆಸರು ಬಂದವನ ಸಂಪತ್ತಲ್ಲ. ಓದದೇ ಉಲ್ಲೇಖಿಸಿದರೆ ಆ ಋಣ ತೀರುವುದಿಲ್ಲ. ಸ್ನೇಹಿತರು ಪರಸ್ಪರ ಹೆಸರು ಸೇರಿಸಿಕೊಂಡರೂ ತೀರುವುದಿಲ್ಲ. ಫಲದ ಆಸೆ ಬಿಟ್ಟು ಕೆಲಸ ಮಾಡು ಎಂಬ ಗೀತೆಯ ಮಾತನ್ನು ಇಲ್ಲಿ ಅಡ್ಡ ತರುವವರಿದ್ದಾರೆ. ಆ ಮಾತು ಕೆಲಸ ಮಾಡುವವನಿಗೆ ಹೇಳಿದ್ದು. ಅವನ ಕೆಲಸದಿಂದ ಪಡೆದುಕೊಂಡವರು ಸುಮ್ಮನಿರಲು ಅದರಲ್ಲಿ ಅನುಮತಿ ಇಲ್ಲ.

ಡೇ 1985ರಲ್ಲಿ ತೀರಿಕೊಂಡರು. ಮರುವರ್ಷವೇ ಕಾಲರಾ ಸಂಶೋಧನೆಯ ಮೇಲೆ ಅವರ ಪ್ರಭಾವವನ್ನು ವಿಸ್ತಾರವಾಗಿ ಬರೆದವರು ಅದೇ ಗಾರ್‌ಫೀಲ್ಡ್. 1990ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಡೇ ಅವರ ನೆನಪಿಗೆ ವಿಶೇಷ ಸಂಚಿಕೆ ತಂದಿತು. ತಳಿವಿಜ್ಞಾನಿಯಾಗಿದ್ದು, ಡೇ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದ ಜೋಶುವಾ ಲೆಡರ್‌ಬರ್ಗ್ ಅದರಲ್ಲಿ ಬರೆದರು. ಇವರೆಲ್ಲ ಪ್ರಬಂಧವನ್ನು ಓದಿದವರು. ಪ್ರಬಂಧ ಪ್ರಕಟಿಸಿದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಸಂಶೋಧಕನನ್ನು ಅಳೆಯಬೇಡಿ, ಕೆಲಸವನ್ನೇ ಪರಿಶೀಲಿಸಿ ಎಂದು 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಕೇಳುವುದೂ ಇದನ್ನೇ. ವೈದ್ಯ ಸಂಶೋಧಕರ ಬಡ್ತಿ ನಿರ್ಧರಿಸುವ ಸಮಿತಿಗಳು ಅರ್ಜಿದಾರರ ಅತ್ಯುತ್ತಮ ಪ್ರಬಂಧಗಳಲ್ಲಿ ಎರಡನ್ನೋ ಮೂರನ್ನೋ ಪೂರ್ತಿ ಓದಿ, ಅವುಗಳಿಂದ ಯಾವ ರೋಗಿಗೆ ಏನು ಸಿಕ್ಕಿತು ಎಂದು ಕೇಳುವ ಪದ್ಧತಿಯನ್ನು ಈ ವರ್ಷದಿಂದಲೇ ಆರಂಭಿಸಬಹುದು.