'ಇಲ್ಲ' ಬೇರೆ, 'ಗೊತ್ತಿಲ್ಲ' ಬೇರೆ

ಬೇಕರಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತು "ಇದರಲ್ಲಿ ಮೊಟ್ಟೆ ಇದೆಯಾ?" ಎಂದು ಕೇಳಿದವರಿಗೆ ಮೂರು ಉತ್ತರಗಳು ಸಿಗಬಹುದು. ಇದೆ, ಇಲ್ಲ, ಗೊತ್ತಿಲ್ಲ. ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಗಳ ಅಯ್ಯಂಗಾರ್ ಬೇಕರಿಗಳು ಹೆಸರು ಮಾಡಿದ್ದು ಎರಡನೆಯ ಉತ್ತರದಿಂದ. ಹಿಟ್ಟು ನಾದಿದವನೇ ಗಲ್ಲಾದಲ್ಲಿ ಕೂತು 'ಇಲ್ಲ' ಎಂದಾಗ ಆ ಮಾತಿನ ಹಿಂದೆ ಅವನ ಕಣ್ಣು ಮತ್ತು ಕೈಗಳ ಸಾಕ್ಷಿ ಇರುತ್ತಿತ್ತು. ಮೂರನೆಯ ಉತ್ತರ ಮಾತ್ರ ಅಂಗಡಿಗಳಲ್ಲಿ ಕೇಳಿಬರುವುದು ಅಪರೂಪ. 'ಗೊತ್ತಿಲ್ಲ' ಎನ್ನಲು ವ್ಯಾಪಾರಿಗೆ ನಾಚಿಕೆ. ಆದರೆ ಇಂದಿನ ಆಹಾರ ಮತ್ತು ಸೌಂದರ್ಯವರ್ಧಕ ಕಾರ್ಖಾನೆಗಳಲ್ಲಿ ಎಷ್ಟೋ ಸಲ ಪ್ರಾಮಾಣಿಕ ಉತ್ತರ ಈ ಮೂರನೆಯದೇ ಆಗಿರುತ್ತದೆ. ಅದನ್ನು ಸದ್ದಿಲ್ಲದೆ 'ಇಲ್ಲ' ಎಂದು ಬದಲಿಸಿ ಬರೆದರೆ ಏನಾಗುತ್ತದೆ? ಇದು ತಾಂತ್ರಿಕ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ನೈತಿಕ ಪ್ರಶ್ನೆ.

ಹಳೆಯ ಬೆಂಗಳೂರಿನ ಈ ಬಡಾವಣೆಗಳಲ್ಲಿ ತಿನ್ನುವ ವಸ್ತುವಿನ ಮೂಲವನ್ನು ತಿಳಿಯಲು ಕಾಗದ ಪತ್ರ ಬೇಕಿರಲಿಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಸೀಗೆಕಾಯಿ, ಅಂಟುವಾಳ, ಲೋಬಾನ, ಮೆಂತ್ಯ ಚೀಲದಲ್ಲೇ ಕಾಣುತ್ತಿದ್ದವು. ಮುಟ್ಟಿ, ಮೂಸಿ ನೋಡಿ ಕೊಳ್ಳಬಹುದಿತ್ತು. ಕಾಫಿ ಪುಡಿ ಅಂಗಡಿಯಲ್ಲಿ ಇಂದಿಗೂ "ಚಿಕೋರಿ ಎಷ್ಟು ಹಾಕ್ಲಿ ಸಾರ್?" ಎಂದು ಕೇಳಿಯೇ ಬೀಜವನ್ನು ಯಂತ್ರಕ್ಕೆ ಸುರಿಯುತ್ತಾರೆ. ಚಿಕೋರಿ ಬೆರೆಸುವುದು ಮೋಸವಲ್ಲ, ಹೇಳದೆ ಬೆರೆಸುವುದು ಮೋಸ. ಕಾನೂನೂ ಈ ನೀತಿಯನ್ನೇ ಒಪ್ಪಿದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು.

ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹೋಟೆಲಿನ ಕಥೆಯೂ ಇಲ್ಲಿ ನೆನಪಾಗುತ್ತದೆ. 1924ರಲ್ಲಿ ಶುರುವಾದ ಆ ಹೋಟೆಲಿನಲ್ಲಿ ಗಿರಾಕಿಗಳು ಅಡುಗೆಮನೆಯನ್ನು ಹಾದು ಊಟದ ಹಾಲಿಗೆ ಹೋಗುವ ಏರ್ಪಾಡಿತ್ತು. ತಿನ್ನುವ ಮೊದಲು ಒಲೆ, ಪಾತ್ರೆ, ಸಾಮಾನು ಎಲ್ಲವನ್ನೂ ನೋಡಬಹುದಿತ್ತು. 1970ರ ದಶಕದಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ, ಸರ್ಕಾರ ಕಟ್ಟಿಕೊಟ್ಟ ದರದಲ್ಲಿ ಹೋಟೆಲು ನಡೆಸುವುದು ಕಷ್ಟವಾದಾಗ ಅದೇ ಮನೆತನ ಸಿದ್ಧ ಮಿಶ್ರಣಗಳ ಪೊಟ್ಟಣದತ್ತ ಹೊರಳಿತು. ಇದು ಒಂದು ಸಂಸ್ಥೆಯ ಕಥೆ ಮಾತ್ರವಲ್ಲ, ನಮ್ಮೆಲ್ಲರ ಅಡುಗೆಮನೆಯ ಕಥೆ. ಪೊಟ್ಟಣ ಕೊಂಡವನು ಅಡುಗೆಮನೆಯನ್ನು ಹಾದು ಬರಲಾರ. ಅವನ ಪಾಲಿಗೆ ಲೇಬಲ್ಲೇ ಅಡುಗೆಮನೆ. ಆ ಲೇಬಲ್ ಹುಟ್ಟುವುದು ಕಾರ್ಖಾನೆಯ ಕಂಪ್ಯೂಟರಿನಲ್ಲಿರುವ ಕಚ್ಚಾವಸ್ತುಗಳ ದಾಖಲೆಯಿಂದ.

ಆ ದಾಖಲೆಯಲ್ಲಿ ಏನಿರುತ್ತದೆ? ಪ್ರತಿಯೊಂದು ಸಾಮಗ್ರಿಗೂ ಒಂದು ಸಂಕೇತ. ಅದರೆದುರು ಸರಬರಾಜುದಾರನ ಹೆಸರು, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ, ಪ್ರಯೋಗಾಲಯದ ವರದಿ. ಜೊತೆಗೆ ಕೆಲವು ಪ್ರಶ್ನೆಗಳು: ಗೋಧಿಯ ಅಂಶ ಇದೆಯೇ? ಹಾಲು, ಕಡಲೆಕಾಯಿ, ಸೋಯಾ ಇದೆಯೇ? ಪ್ರಾಣಿಮೂಲದ್ದೇ? ಸಾಮಗ್ರಿಯ ವಿವರವನ್ನು ಒಮ್ಮೆ ತುಂಬಿದರೆ ಸಾಕು, ಅದನ್ನು ಬಳಸುವ ಎಲ್ಲ ಪದಾರ್ಥಗಳಿಗೂ ಆ ವಿವರ ತಾನಾಗಿ ಹರಿಯುತ್ತದೆ. ಇದರ ಲಾಭ ದೊಡ್ಡದು. ಒಂದು ಬ್ಯಾಚ್ ಅರಿಶಿನದಲ್ಲಿ ದೋಷ ಕಂಡರೆ ಅದು ಯಾವ ಯಾವ ಪೊಟ್ಟಣಗಳಲ್ಲಿ ಸೇರಿದೆ ಎಂದು ಗಳಿಗೆಯಲ್ಲಿ ಪತ್ತೆ ಹಚ್ಚಿ ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಬಹುದು.

ಅಪಾಯ ಇರುವುದೂ ಅಲ್ಲೇ. ಪ್ರಶ್ನೆಯ ಮುಂದಿನ ಚೌಕಕ್ಕೆ ಗುರುತು ಹಾಕಿದರೆ 'ಇದೆ' ಎಂದರ್ಥ, ಹಾಕದಿದ್ದರೆ 'ಇಲ್ಲ' ಎಂದರ್ಥ ಎಂದು ಸಾಫ್ಟ್‌ವೇರ್ ರೂಪಿಸಿದ್ದರೆ, ವಿಚಾರಿಸದೆ ಬಿಟ್ಟ ಚೌಕವೂ 'ಇಲ್ಲ' ಎಂದೇ ಓದಿಕೊಳ್ಳುತ್ತದೆ. ಯಾರೂ ಸುಳ್ಳು ಬರೆದಿಲ್ಲ, ಆದರೂ ಒಂದು ಸುಳ್ಳು ಹುಟ್ಟಿತು. ಒಂದು ಸಾಮಗ್ರಿಯಲ್ಲಿ ಹುಟ್ಟಿದ್ದು ಐವತ್ತು ಪದಾರ್ಥಗಳ ಲೇಬಲ್‌ಗೆ ಹರಡಿತು.

ಸಾಂಬಾರ್ ಪುಡಿಯನ್ನೇ ನೋಡಿ. ಧನಿಯ, ಮೆಣಸಿನಕಾಯಿ, ಬೇಳೆ, ಮೆಂತ್ಯ, ಚಿಟಿಕೆ ಇಂಗು. ಇದರಲ್ಲಿ ಗೋಧಿ ಎಲ್ಲಿಂದ ಬರಬೇಕು? ಆದರೆ ಅಂಗಡಿಯಲ್ಲಿ ಸಿಗುವ ಕೂಟು ಇಂಗಿನಲ್ಲಿ ಅಪ್ಪಟ ಇಂಗು ಸ್ವಲ್ಪವೇ. ಉಳಿದದ್ದು ಗೋಂದು ಮತ್ತು ಹಿಟ್ಟು. ಆ ಹಿಟ್ಟು ಕೆಲವರಲ್ಲಿ ಅಕ್ಕಿಯದು, ಕೆಲವರಲ್ಲಿ ಮೈದಾ. ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯ ಮಗುವಿಗೆ ಈ ವ್ಯತ್ಯಾಸ ಆರೋಗ್ಯದ ಪ್ರಶ್ನೆ. ಗ್ಲುಟೆನ್ ಇರುವ ಧಾನ್ಯವನ್ನು ಲೇಬಲ್ಲಿನಲ್ಲಿ ಪ್ರತ್ಯೇಕವಾಗಿ ಹೇಳಬೇಕೆಂದು 2020ರ ಲೇಬಲ್ ನಿಯಮಗಳು ವಿಧಿಸುತ್ತವೆ. ಆದರೆ ಇಂಗಿನೊಳಗೆ ಏನಿದೆ ಎಂದು ಸರಬರಾಜುದಾರನನ್ನು ಕೇಳದ ತಯಾರಕ ಅದನ್ನು ಹೇಗೆ ಹೇಳಿಯಾನು? ಅವನ ದಾಖಲೆಯಲ್ಲಿ 'ಇಂಗು' ಎಂಬ ಒಂದೇ ಪದ ಇದೆ. ತಾಯಿ ಲೇಬಲ್ ಓದಿ ನಂಬಿ ಪುಡಿ ಹಾಕುತ್ತಾಳೆ.

ಸೋಪು, ಕ್ರೀಮುಗಳ ಲೋಕದಲ್ಲಿ ಇದು ಇನ್ನೂ ಜಟಿಲ. ಮೊದಲ ಮಹಾಯುದ್ಧದ ದಿನಗಳಲ್ಲಿ ಶ್ರೀಗಂಧವನ್ನು ಯೂರೋಪಿಗೆ ಕಳಿಸುವುದು ಕಷ್ಟವಾದಾಗ, ಮಲ್ಲೇಶ್ವರಂ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಗಂಧದೆಣ್ಣೆ ಬಟ್ಟಿ ಇಳಿಸುವ ಪ್ರಯೋಗ ನಡೆಯಿತು. ಅದರ ಫಲವಾಗಿ ಮೈಸೂರು ಸರ್ಕಾರದ ಎಣ್ಣೆ ಮತ್ತು ಸೋಪಿನ ಕಾರ್ಖಾನೆಗಳು ಬಂದವು. ಮೈಸೂರ್ ಸ್ಯಾಂಡಲ್ ಸೋಪಿನ ಹೆಸರೇ ಅದರ ಕಚ್ಚಾವಸ್ತುವನ್ನು ಹೇಳುತ್ತದೆ. ಆದರೆ ಸಾಮಾನ್ಯವಾಗಿ ಸೋಪಿನ ಹೊದಿಕೆಯ ಮೇಲೆ ನಾವು ಓದುವುದು 'ಪರ್ಫ್ಯೂಮ್' ಎಂಬ ಒಂದೇ ಪದ. ಅದರೊಳಗೆ ಹತ್ತಾರು ರಾಸಾಯನಿಕಗಳು ಅಡಗಿರಬಹುದು. ಇದನ್ನು ಮನಗಂಡ ಯೂರೋಪ್ ಒಕ್ಕೂಟ, ಅಲರ್ಜಿ ತರಬಲ್ಲ 26 ಸುಗಂಧ ವಸ್ತುಗಳನ್ನು ಹೆಸರಿಟ್ಟು ನಮೂದಿಸಬೇಕೆಂದು 2003ರಲ್ಲಿ ನಿಯಮ ಮಾಡಿತು. 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಹೆಚ್ಚಿಗೆ ಹಿಗ್ಗಿಸಿತು.

ಇನ್ನು ಗ್ಲಿಸರಿನ್. ಇದು ಕೇಕಿನಲ್ಲಿಯೂ ಇದೆ, ಟೂತ್‌ಪೇಸ್ಟಿನಲ್ಲಿಯೂ ಇದೆ, ಮುಖದ ಕ್ರೀಮಿನಲ್ಲಿಯೂ ಇದೆ. ತಾಳೆ ಎಣ್ಣೆಯಿಂದಲೂ ಬರುತ್ತದೆ, ದನ ಹಂದಿಗಳ ಕೊಬ್ಬಿನಿಂದಲೂ ಬರುತ್ತದೆ. ಶುದ್ಧೀಕರಿಸಿದ ಮೇಲೆ ಎರಡೂ ಒಂದೇ ಅಣು. ಕಾರ್ಖಾನೆಗಳಲ್ಲಿ ಮಾಡುವ ಸಾಮಾನ್ಯ ಪರೀಕ್ಷೆಗಳು ಅದರ ಶುದ್ಧತೆಯನ್ನು ಹೇಳುತ್ತವೆಯೇ ಹೊರತು ಹುಟ್ಟನ್ನು ಹೇಳುವುದಿಲ್ಲ. ಅಣುವಿಗೆ ತಾನು ಎಲ್ಲಿಂದ ಬಂದೆ ಎಂಬ ನೆನಪಿಲ್ಲ. ಆ ನೆನಪನ್ನು ಕಾಪಾಡುವುದು ಮನುಷ್ಯ ಬರೆದಿಟ್ಟ ದಾಖಲೆ ಮಾತ್ರ. ಹೀಗಾಗಿ ದಾಖಲೆ ಬರೆಯುವವನು ಗುಮಾಸ್ತನಷ್ಟೇ ಅಲ್ಲ, ಸಾಕ್ಷಿ. ಸಾಕ್ಷಿಗೆ ಕಂಡದ್ದನ್ನು ಹೇಳುವ ಹೊಣೆ ಇರುವಂತೆ, ಕಾಣದ್ದನ್ನು ಕಾಣಲಿಲ್ಲ ಎನ್ನುವ ಹೊಣೆಯೂ ಇದೆ.

ಇದು ನಂಬಿಕೆ, ನೇಮಗಳ ಮಾತಾಯಿತು, ಪ್ರಾಣ ಹೋಗುವ ವಿಷಯವೇನಲ್ಲ ಎನ್ನುವವರು 1986ರ ಜನವರಿಯನ್ನು ನೆನೆಯಬೇಕು. ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಔಷಧಿಯಾಗಿ ಕೊಟ್ಟ ಗ್ಲಿಸರಿನ್ ಸೇವಿಸಿ 14 ರೋಗಿಗಳು ಸತ್ತರು. ಅದು ಕೈಗಾರಿಕೆಗೆ ಬಳಸುವ ದರ್ಜೆಯದು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಆ ದುರಂತದ ತನಿಖೆ ನಡೆಸಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಎಳೆಯ ಮಕ್ಕಳು ಸತ್ತಾಗಲೂ ಸಿರಪ್ಪಿನಲ್ಲಿ ಕಂಡದ್ದು ಇದೇ ವಿಷ. ಡ್ರಮ್ಮಿನ ಮೇಲಿನ ಹೆಸರು ಸರಿಯಾಗಿದೆ ಎಂದ ಮಾತ್ರಕ್ಕೆ ಒಳಗಿನದ್ದೂ ಸರಿಯಾಗಿದೆ ಎಂದಾಗುವುದಿಲ್ಲ. ಯಾರೋ ಎಲ್ಲೋ ಪರೀಕ್ಷಿಸದೆ 'ಸರಿಯಿದೆ' ಎಂದು ಮುಂದಕ್ಕೆ ದಾಟಿಸಿರುತ್ತಾರೆ.

ಮೂಲವನ್ನು ತಿಳಿಯುವ ಹಕ್ಕಿಗಾಗಿ ನಮ್ಮ ದೇಶದಲ್ಲಿ ನ್ಯಾಯಾಲಯದ ಹೋರಾಟಗಳೂ ನಡೆದಿವೆ. ಆಹಾರದ ಪೊಟ್ಟಣಗಳ ಮೇಲೆ ಕಂದು, ಹಸಿರು ಗುರುತು ಕಡ್ಡಾಯವಾದದ್ದು 2001-2002ರಲ್ಲಿ. ಸೌಂದರ್ಯವರ್ಧಕ ಮತ್ತು ಔಷಧಿಗಳಿಗೂ ಅದು ಬೇಕೆಂದು ದೆಹಲಿ ಹೈಕೋರ್ಟಿನ ಮುಂದೆ ಹೋದವರು ಓಜೈರ್ ಹುಸೇನ್. ಅವರು ಕೇಳಿದ್ದು ಸಸ್ಯಾಹಾರಿಗಳ ಹಕ್ಕನ್ನು. 2002ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸೋಪು ತಯಾರಕರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ಹೀಗೆ ನಿಯಮ ಮಾಡಿಸುವುದು ಹೈಕೋರ್ಟಿನ ಕೆಲಸವಲ್ಲ ಎಂಬ ನೆಲೆಯಲ್ಲಿ 2013ರಲ್ಲಿ ಆ ತೀರ್ಪು ರದ್ದಾಯಿತು. ಆಹಾರದ ವಿಷಯದಲ್ಲಿ 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಾಮಗ್ರಿಯ ಸಂಕೇತ ಸಂಖ್ಯೆ ಹಾಕಿದರೆ ಸಾಲದು, ಅದು ಸಸ್ಯದಿಂದ ಬಂದದ್ದೋ ಪ್ರಾಣಿಯಿಂದ ಬಂದದ್ದೋ ಪ್ರಯೋಗಾಲಯದಲ್ಲಿ ತಯಾರಾದದ್ದೋ ಎಂಬುದನ್ನೂ ಹೇಳಬೇಕೆಂದಿತು. ಅಲ್ಲಿ ಉದಾಹರಣೆಯಾಗಿ ಬಂದದ್ದು ಕುರುಕಲು ತಿಂಡಿ, ನೂಡಲ್ಸ್‌ಗಳಿಗೆ ರುಚಿ ಕೊಡುವ ಇ-631 ಎಂಬ ವಸ್ತು. ಅದನ್ನು ಮೀನು, ಹಂದಿಗಳಿಂದಲೂ ತೆಗೆಯುತ್ತಾರೆ, ಪಿಷ್ಟವನ್ನು ಹುದುಗಿಸಿಯೂ ಪಡೆಯುತ್ತಾರೆ. ಸಂಖ್ಯೆ ಮಾತ್ರ ಒಂದೇ.

ಇಸ್ಲಾಮಿನ ದೃಷ್ಟಿಯಲ್ಲಿಯೂ ಇದು ಹೊಸ ಪ್ರಶ್ನೆಯಲ್ಲ. ಪ್ರವಾದಿ ಮುಹಮ್ಮದ್(ಸ) ಒಮ್ಮೆ ಪೇಟೆಯಲ್ಲಿ ಹೋಗುತ್ತಾ ಧಾನ್ಯದ ರಾಶಿಯೊಳಗೆ ಕೈಯಿಟ್ಟರು. ಬೆರಳುಗಳಿಗೆ ತೇವ ತಗಲಿತು. ಇದೇನೆಂದು ಕೇಳಿದಾಗ ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಪ್ರವಾದಿ(ಸ) ಕೇಳಿದರು. ಮೋಸ ಮಾಡುವವನು ತನ್ನವನಲ್ಲವೆಂದೂ ಎಚ್ಚರಿಸಿದರು. ಈ ಪ್ರಸಂಗದಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ನೆನೆದ ಧಾನ್ಯ ಮಾರುವುದನ್ನು ಪ್ರವಾದಿ(ಸ) ನಿಷೇಧಿಸಲೂ ಇಲ್ಲ. ತಪ್ಪಾದದ್ದು ಅದನ್ನು ರಾಶಿಯ ಅಡಿಯಲ್ಲಿ ಇಟ್ಟದ್ದು. ಇಂದಿನ ಲೇಬಲ್ ರಾಶಿಯ ಮೇಲ್ಭಾಗ, ಕಂಪ್ಯೂಟರಿನ ದಾಖಲೆ ಅದರ ಅಡಿ.

ಹಲಾಲ್ ಸ್ಪಷ್ಟ, ಹರಾಮ್ ಸ್ಪಷ್ಟ, ಇವೆರಡರ ನಡುವೆ ಸಂಶಯದ ವಿಷಯಗಳಿವೆ ಎಂಬ ಪ್ರವಾದಿ ಬೋಧನೆಯೂ ನಮಗೆ ಗೊತ್ತು. ಸಂಶಯಕ್ಕೆ ಅಲ್ಲಿ ತನ್ನದೇ ಸ್ಥಾನವಿದೆ. ಅದನ್ನು ಅತ್ತ ಅಥವಾ ಇತ್ತ ಬಲವಂತವಾಗಿ ತಳ್ಳಿಲ್ಲ. ಇಮಾಮ್ ಮಾಲಿಕರಂಥ ಮಹಾವಿದ್ವಾಂಸರು ತಮ್ಮ ಮುಂದೆ ಬಂದ ಬಹಳಷ್ಟು ಪ್ರಶ್ನೆಗಳಿಗೆ 'ಗೊತ್ತಿಲ್ಲ' ಎಂದು ಉತ್ತರಿಸುತ್ತಿದ್ದರೆಂದು ಪ್ರಸಿದ್ಧಿಯಿದೆ. ಅದರಿಂದ ಅವರ ಘನತೆ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಒಂದು ವಸ್ತು ಪೂರ್ತಿ ಬದಲಾಗಿ ಇನ್ನೊಂದಾದರೆ ಅದರ ವಿಧಿಯೂ ಬದಲಾಗುತ್ತದೆಯೇ ಎಂಬ ಬಗ್ಗೆ ಧರ್ಮಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಮದ್ಯ ತಾನಾಗಿ ವಿನೆಗರ್ ಆಗುವುದು ಅದರ ಹಳೆಯ ಉದಾಹರಣೆ. ಕೊಬ್ಬಿನಿಂದ ಬಂದ ಗ್ಲಿಸರಿನ್ ಬಗ್ಗೆಯೂ ಒಬ್ಬರು ಒಪ್ಪಬಹುದು, ಇನ್ನೊಬ್ಬರು ಬಿಡಬಹುದು. ಆ ತೀರ್ಮಾನ ಬಳಸುವವನದು. ಮೂಲವನ್ನು ಮುಚ್ಚಿಟ್ಟ ಕಾರ್ಖಾನೆ ಅವನ ಪರವಾಗಿ ತಾನೇ ತೀರ್ಮಾನಿಸಿಬಿಡುತ್ತದೆ.

2022ರಲ್ಲಿ ಕರ್ನಾಟಕದಲ್ಲಿ ಹಲಾಲ್ ವಿರುದ್ಧ ಅಭಿಯಾನ ನಡೆದಾಗ, 'ಇದು ಎಲ್ಲಿಂದ ಬಂತು?' ಎಂದು ಕೇಳುವುದು ಒಂದು ಸಮುದಾಯದ ಹಟ ಎಂಬಂತೆ ಬಿಂಬಿಸಲಾಯಿತು. ವಾಸ್ತವದಲ್ಲಿ ಈರುಳ್ಳಿ ಬೆಳ್ಳುಳ್ಳಿ ತಿನ್ನದ ಬಸವನಗುಡಿಯ ಅಜ್ಜಿ, ಗೆಡ್ಡೆಗಳನ್ನು ತ್ಯಜಿಸಿದ ಚಿಕ್ಕಪೇಟೆಯ ಜೈನ ವ್ಯಾಪಾರಿ, ಚಾಮರಾಜಪೇಟೆಯ ಮುಸ್ಲಿಮ್ ಗೃಹಿಣಿ, ಕಡಲೆಕಾಯಿ ತಿಂದರೆ ಉಸಿರು ಕಟ್ಟುವ ಹುಡುಗ ಎಲ್ಲರೂ ಕೇಳುವುದು ಇದೊಂದೇ ಪ್ರಶ್ನೆ. ನಮ್ಮವರೂ ಆತ್ಮಶೋಧನೆ ಮಾಡಿಕೊಳ್ಳಬೇಕು. ಸರಬರಾಜುದಾರನನ್ನು ವಿಚಾರಿಸದೆ, ಮಾರಾಟ ಹೆಚ್ಚಲೆಂದು ಪೊಟ್ಟಣದ ಮೇಲೆ ಹಲಾಲ್ ಎಂದು ಅಚ್ಚು ಹಾಕಿಸುವುದು ಧರ್ಮವಲ್ಲ. ಅದೂ 'ಗೊತ್ತಿಲ್ಲ' ಎಂಬುದನ್ನು ಮುಚ್ಚಿಡುವ ಕೆಲಸವೇ.

ಹೀಗೆಲ್ಲ ಹೇಳಿದರೆ ನಮ್ಮ ಪಾಕವಿಧಾನದ ಗುಟ್ಟು ರಟ್ಟಾಗುತ್ತದೆ ಎಂದು ತಯಾರಕರು ಆಕ್ಷೇಪಿಸುತ್ತಾರೆ. ಯಾವುದನ್ನು ಎಷ್ಟು ಹಾಕುತ್ತೇವೆ, ಹೇಗೆ ಹುರಿಯುತ್ತೇವೆ ಎಂಬುದು ಗುಟ್ಟಾಗಿರಲಿ, ಯಾರ ತಕರಾರೂ ಇಲ್ಲ. ಆದರೆ ಏನು ಹಾಕುತ್ತೇವೆ, ಅದು ಎಲ್ಲಿಂದ ಬಂತು ಎಂಬುದು ತಿನ್ನುವವನ ದೇಹಕ್ಕೆ, ಮನಸ್ಸಾಕ್ಷಿಗೆ ಸಂಬಂಧಿಸಿದ್ದು. ಸಣ್ಣವರ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎರಡು ಕೋಣೆಯಲ್ಲಿ ಚಟ್ನಿಪುಡಿ, ಹಪ್ಪಳ ಮಾಡಿ ಗಾಂಧಿ ಬಜಾರಿನ ಅಂಗಡಿಗಳಿಗೆ ಕೊಡುವ ಹೆಂಗಸರು ದುಬಾರಿ ಸಾಫ್ಟ್‌ವೇರ್ ಎಲ್ಲಿಂದ ತರಬೇಕು? ತರಬೇಕಾಗಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಮು ಎಳೆದುಕೊಂಡರೂ ಸಾಕು: ಇದೆ, ಇಲ್ಲ, ವಿಚಾರಿಸಬೇಕು. ಮೂರನೆಯ ಕಲಮಿನಲ್ಲಿ ಉಳಿದದ್ದಕ್ಕೆ ಇಂಗು ಮಾರಿದವನಿಗೆ ಒಂದು ಫೋನು.

ದೊಡ್ಡ ಕಾರ್ಖಾನೆಗಳಿಗೆ ಹೊಣೆ ಹೆಚ್ಚು. 'ತಿಳಿದಿಲ್ಲ' ಎಂಬುದನ್ನು ಪ್ರತ್ಯೇಕ ಉತ್ತರವಾಗಿ ಒಪ್ಪುವಂತೆ, ಅದು ಇರುವವರೆಗೆ ಲೇಬಲ್ ಅಚ್ಚಾಗದಂತೆ ಸಾಫ್ಟ್‌ವೇರ್ ರೂಪಿಸುವುದು ಕಷ್ಟದ ಕೆಲಸವೇನಲ್ಲ. ಕಷ್ಟವಿರುವುದು ಸಂಜೆಯೊಳಗೆ ಸರಕು ಹೊರಡಬೇಕೆಂಬ ಅವಸರದಲ್ಲಿ. "ಖಾಲಿ ಬಿಡಬೇಡಮ್ಮ, ಇಲ್ಲ ಅಂತ ಹಾಕು" ಎಂದು ಮೇಲಿನವರು ಹೇಳಿದಾಗ ಕೀಲಿಮಣೆಯ ಮುಂದೆ ಕೂತ ಹುಡುಗಿ ಏನು ಮಾಡಬೇಕು? ಅವಳು ಆ ಸಾಮಗ್ರಿಯನ್ನು ಕೊಂಡವಳಲ್ಲ, ತಯಾರಿಸಿದವಳೂ ಅಲ್ಲ. ಆದರೆ ತಾನೆಂದೂ ನೋಡದ ಸಾವಿರಾರು ಮಂದಿಯ ನಂಬಿಕೆ ಆ ಕ್ಷಣ ಅವಳ ಕೈಯಲ್ಲಿರುವ ಅಮಾನತ್ತು. "ವಿಚಾರಿಸಿ ಹಾಕ್ತೀನಿ ಸಾರ್" ಎನ್ನಲು ಅವಳಿಗೆ ಧೈರ್ಯ ಬೇಕು. ಹಾಗೆಂದವಳ ಕೆಲಸಕ್ಕೆ ಕುತ್ತು ಬಾರದಂತೆ ನೋಡಿಕೊಳ್ಳುವ ಹೊಣೆ ಮಾಲೀಕರದು. ಅಂಗಡಿಯಲ್ಲಿ ನಾವು ಕೇಳಿದ ಪ್ರಶ್ನೆಗೆ ಯಾರಾದರೂ 'ಗೊತ್ತಿಲ್ಲ, ಕೇಳಿ ಹೇಳ್ತೀನಿ' ಎಂದಾಗ ಮುಖ ಸಿಂಡರಿಸದೆ ಕಾಯುವ ಹೊಣೆ ನಮ್ಮದು.