ದೂಳು ಯಾರ ಪಾಲು?

ಒಂದು ಲೀಟರ್ ಪೆಟ್ರೋಲು ಉರಿಯಬೇಕಾದರೆ ಬೈಕಿನ ಎಂಜಿನ್ನಿಗೆ ಸುಮಾರು 9000 ಲೀಟರ್ ಗಾಳಿ ಬೇಕು. ನಾವು ಲೆಕ್ಕ ಇಡುವುದು ಪೆಟ್ರೋಲಿಗೆ ಮಾತ್ರ, ಗಾಳಿಗೆ ದುಡ್ಡು ಕೊಡಬೇಕಿಲ್ಲವಲ್ಲ. ಆದರೆ ನಂಜನಗೂಡು ಸೀಮೆಯ ಬದನವಾಳಿನ ಆಸುಪಾಸಿನ ಹೊಲದ ದಾರಿಗಳಲ್ಲಿ, ಬೇಸಿಗೆಯಲ್ಲಿ, ಆ ಗಾಳಿ ಬರೀ ಗಾಳಿಯಲ್ಲ. ಮುಂದೊಂದು ಟ್ರ್ಯಾಕ್ಟರ್ ಹೋದರೆ ಸಾಕು, ಹಿಂದೆ ಬರುವವನಿಗೆ ದಾರಿಯೇ ಕಾಣುವುದಿಲ್ಲ. ಆ ದೂಳಿನಲ್ಲಿರುವ ಮರಳಿನ ಸಣ್ಣ ಕಣಗಳು ಸಿಲಿಂಡರಿನೊಳಗೆ ಹೋದರೆ ಪಿಸ್ಟನ್ನಿನ ರಿಂಗುಗಳನ್ನು ಸವೆಸಿಬಿಡುತ್ತವೆ. ಹಾಗಾಗದಂತೆ ತಡೆಯುವುದು ಏರ್ ಫಿಲ್ಟರ್.

ಮಣ್ಣುದಾರಿಗೆಂದೇ ಮಾಡಿದ ಡರ್ಟ್ ಬೈಕುಗಳಲ್ಲಿ ಇದು ಸಾಮಾನ್ಯವಾಗಿ ಸ್ಪಂಜಿನದು. ನನ್ನ ಬೈಕಿನದೂ ಅದೇ. ಅದನ್ನು ಬಿಚ್ಚಿದ ಕೂಡಲೇ ಗಾಳಿ ಒಳಹೋಗುವ ಬಾಯಿಗೆ ಒಂದು ಒಗೆದ ಬಟ್ಟೆ ತುರುಕುತ್ತೇನೆ, ಇಲ್ಲದಿದ್ದರೆ ಇಷ್ಟು ದಿನ ತಡೆದ ದೂಳು ಒಂದೇ ಕ್ಷಣದಲ್ಲಿ ಒಳಗಿಳಿಯುತ್ತದೆ. ಸ್ಪಂಜನ್ನು ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿ ಮೆಲ್ಲಗೆ ಅದುಮುತ್ತೇನೆ. ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಅಂಟಿನ ಜೋಡಣೆ ಬಿಟ್ಟುಕೊಳ್ಳುತ್ತದೆ. ಪೆಟ್ರೋಲಿನಲ್ಲಿ ತೊಳೆದರೂ ಅಷ್ಟೇ, ಜೊತೆಗೆ ಬೆಂಕಿಯ ಭಯ ಬೇರೆ. ನೆರಳಿನಲ್ಲಿ ಒಣಗಿಸಿ, ಫಿಲ್ಟರ್ ಎಣ್ಣೆ ಸವರಿ, ಹೆಚ್ಚಾದದ್ದನ್ನು ಅದುಮಿ ತೆಗೆದು, ಅಂಚು ಎಲ್ಲೂ ಎದ್ದಿರದಂತೆ ಕೂರಿಸುತ್ತೇನೆ. ಆ ಎಣ್ಣೆಯ ಅಂಟೇ ದೂಳನ್ನು ಹಿಡಿಯುವುದು. ಕೆಲಸ ಮುಗಿಯುವ ಹೊತ್ತಿಗೆ ಬಕೆಟ್ಟಿನ ನೀರು ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಉಗುರಿನ ಸಂದಿಯ ಕಪ್ಪು ಹೋಗಲು ಎರಡು ದಿನ ಬೇಕು.

ಊರಿಗೂ ಪೇಟೆಗೂ ಓಡಾಡುವ ಬಹುಪಾಲು ಬೈಕುಗಳಲ್ಲಿರುವುದು ಕಾಗದದ ಫಿಲ್ಟರ್. ಅದನ್ನು ನೀರಿಗೆ ಹಾಕುವಂತಿಲ್ಲ. ಕೊಳೆಯಾದಾಗ ಬಿಚ್ಚಿ ಎಸೆದು ಹೊಸದು ಹಾಕಿದರೆ ಮುಗಿಯಿತು, ಕೈ ಕೊಳೆಯಾಗುವುದಿಲ್ಲ. ಸ್ನೇಹಿತರು ಕೇಳುತ್ತಾರೆ: ಗ್ಯಾರೇಜಿಗೆ ಕೊಟ್ಟರೆ ಆಗುವ ಕೆಲಸಕ್ಕೆ ಇಷ್ಟು ಒದ್ದಾಟ ಏಕೆ? ನನ್ನ ಉತ್ತರ ಸರಳ. ಈ ಸ್ಪಂಜು ಕೊಳೆಯಾದದ್ದು ನನ್ನ ಸವಾರಿಯಿಂದ. ನನಗಾಗಿ ಕೊಳೆಯಾದದ್ದನ್ನು ನಾನು ತೊಳೆಯುವುದು ನ್ಯಾಯ.

ಆದರೆ ಈ ಮಾತು ಬದನವಾಳಿನಲ್ಲಿ ಅಷ್ಟು ಸರಳವಾಗಿ ಉಳಿಯುವುದಿಲ್ಲ. ಇದು ಖಾದಿಯ ಊರು. 1927ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಕೈ ದುಡಿಮೆ ಕೀಳಲ್ಲ, ತನ್ನ ಕೊಳೆಯನ್ನು ತಾನೇ ತೆಗೆಯಬೇಕು ಎಂಬುದು ಅವರು ಬದುಕಿ ತೋರಿಸಿದ ಪಾಠ. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಹೂಡಿದ್ದೂ ಇಲ್ಲೇ. ಇದೇ ಊರಿನಲ್ಲಿ 1993ರ ಮಾರ್ಚಿಯಲ್ಲಿ, ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ, ಮೂವರು ದಲಿತರ ಕೊಲೆಯಾಯಿತು. ಅದಾದ ಮೇಲೆ ಎರಡು ಕೇರಿಗಳ ನಡುವಿನ ದಾರಿಯೊಂದು ಬಳಕೆ ತಪ್ಪಿ, ಮತ್ತೆ ತೆರೆದದ್ದು 2022ರಲ್ಲಿ. ಒಂದು ದಾರಿಯಲ್ಲಿ ದೂಳೇಳಬೇಕಾದರೂ ಜನ ಅದರಲ್ಲಿ ನಡೆದಾಡಬೇಕಲ್ಲವೇ!

ಹಾಗಾಗಿ 'ಕೊಳೆ ಮುಟ್ಟಿದರೆ ಏನಂತೆ' ಎಂದು ಹೇಳುವಾಗ ಹೇಳುವವರು ಯಾರು ಎಂದು ನೋಡಬೇಕಾಗುತ್ತದೆ. ನಾನು ಒಂದು ಸಂಜೆ ಇಷ್ಟಪಟ್ಟು ಕೈ ಕೊಳೆ ಮಾಡಿಕೊಳ್ಳುತ್ತೇನೆ. ಆಮೇಲೆ ಸೋಪು ಹಚ್ಚಿ ತೊಳೆದರೆ ನಾನು ಮೊದಲಿನ ನಾನೇ. ಯಾರೂ ನನಗೆ ಲೋಟ ಬೇರೆ ಇಡುವುದಿಲ್ಲ. ಹುಟ್ಟಿನಿಂದಲೇ ಕೊಳೆಯ ಕೆಲಸ ಹಣೆಗೆ ಬರೆಸಿಕೊಂಡವರಿಗೆ ಈ ಸೋಪು ಸಿಗಲಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದೂ 1993ರಲ್ಲೇ. ಅದು ಸಾಲದೆ 2013ರಲ್ಲಿ ಇನ್ನೊಂದು ಕಾಯ್ದೆ ಬೇಕಾಯಿತು. ಅವರ ಎದುರು ದುಡಿಮೆಯ ಘನತೆಯ ಬಗ್ಗೆ ಭಾಷಣ ಮಾಡುವ ಹಕ್ಕು ನನ್ನ ಸ್ಪಂಜು ತೊಳೆಯುವ ಸಂಜೆಗಳಿಂದ ಬರುವುದಿಲ್ಲ.

ಫಿಲ್ಟರ್ ಎಂಬುದು ಒಂದು ವಸ್ತು. ತಾನು ಕೊಳೆಯಾಗಿ ಎಂಜಿನ್ನನ್ನು ಚೊಕ್ಕಟವಾಗಿಡುವುದೇ ಅದರ ಕೆಲಸ, ಅದಕ್ಕೆ ನೋವಿಲ್ಲ. ಜಾತಿ ಮಾಡಿದ್ದು ಏನೆಂದರೆ, ಮನುಷ್ಯರನ್ನೇ ಈ ಜಾಗದಲ್ಲಿ ಕೂರಿಸಿದ್ದು. ಕೆಲವರು ಚೊಕ್ಕಟವಾಗಿರಲು ಇನ್ನು ಕೆಲವರು ಕೊಳೆಯನ್ನು ತಡೆದು ನಿಲ್ಲಬೇಕು, ತಡೆದ ತಪ್ಪಿಗೆ ದೂರವೂ ನಿಲ್ಲಬೇಕು. ಸ್ಪಂಜನ್ನಾದರೂ ತೊಳೆದು ಎಣ್ಣೆ ಸವರಿ ಜೋಪಾನ ಮಾಡುತ್ತೇವೆ.

ಇಲ್ಲಿಗೆ ಬಂದಾಗ 'ಎಸೆದು ಹೊಸದು ಹಾಕು' ಎಂಬ ಮಾತನ್ನೂ ನಾನು ಹಗುರವಾಗಿ ತಳ್ಳಿಹಾಕಲಾರೆ. ಒಂದು ಹಂತದ ನಂತರ ಸ್ಪಂಜು ಗಟ್ಟಿಯಾಗುತ್ತದೆ, ಬೆರಳಿಟ್ಟರೆ ಪುಡಿಪುಡಿಯಾಗಿ ಉದುರುತ್ತದೆ. ಆಗ ಅದನ್ನು ತೊಳೆದು ಮತ್ತೆ ಹಾಕುವುದು ಉಳಿತಾಯವಲ್ಲ. ದೂಳು ತಡೆಯಬೇಕಾದದ್ದೇ ಪುಡಿಯಾಗಿ ಎಂಜಿನ್ನಿನೊಳಗೆ ಹೋಗುತ್ತದೆ. ಅಜ್ಜನ ಕಾಲದ್ದು ಎಂಬ ಒಂದೇ ಕಾರಣಕ್ಕೆ ನಾವು ತೊಳೆದು ತೊಳೆದು ಇಟ್ಟುಕೊಂಡಿರುವ ಆಚಾರಗಳೂ ಹಾಗೆಯೇ. ಯಾವುದನ್ನು ತೊಳೆದು ಉಳಿಸಿಕೊಳ್ಳಬೇಕು, ಯಾವುದನ್ನು ತೆಗೆದು ಹಾಕಬೇಕು ಎಂದು ಸ್ಪಂಜಿನ ವಿಷಯದಲ್ಲಿ ಬೆರಳೇ ಹೇಳುತ್ತದೆ. ಆದರೆ ಅದಕ್ಕೆ ಮೊದಲು ಮುಟ್ಟಿ ನೋಡಬೇಕು. ನಮ್ಮ ಊರುಗಳಲ್ಲಿ ಇನ್ನೂ ಬಾಕಿ ಇರುವ ಕೆಲಸ ಅದೇ.