ಹೊರಗಿನ ಹೊದಿಕೆ, ಒಳಗಿನ ಸುರುಳಿ

ಮುಂಡಗೋಡ ತಾಲ್ಲೂಕಿನ ಚಿಗಳ್ಳಿಗೆ ಹೆಸರು ತಂದದ್ದು ದೀಪನಾಥೇಶ್ವರ ದೇವಸ್ಥಾನದ ದೀಪಗಳು. 1979ರ ಸುಮಾರಿಗೆ ಹಚ್ಚಿದ ಅವು ಎಣ್ಣೆಯಿಲ್ಲದೆ ಉರಿಯುತ್ತಿವೆ ಎಂಬ ನಂಬಿಕೆ ನಾಲ್ಕು ದಶಕಗಳ ಕಾಲ ಭಕ್ತರನ್ನು ಸೆಳೆಯಿತು. 2020ರಲ್ಲಿ ದೀಪಗಳು ಆರಿದವು. ಬಂದವರೆಲ್ಲ ಕಂಡದ್ದು ಉರಿಯುವ ಕುಡಿಯನ್ನು. ಪ್ರಶ್ನೆ ಮಾತ್ರ ಹಣತೆಯೊಳಗೆ ಏನಿದೆ ಎಂಬುದು.

ಕಾಣುವ ಮೈಗೂ ಕಾಣದ ಒಳಗಿಗೂ ಇರುವ ಈ ತಕರಾರು ರಾಕೆಟ್ ಮಾದರಿ ಕಟ್ಟುವವರ ಮೇಜಿಗೂ ಬರುತ್ತದೆ. 1969ರಲ್ಲಿ ಅಪೊಲೊ 11 ಅನ್ನು ಹೊತ್ತೊಯ್ದ ಸ್ಯಾಟರ್ನ್ 5 ಸುಮಾರು 110 ಮೀಟರ್ ಎತ್ತರದ್ದು. ಅಮೆರಿಕದ ಎಸ್ಟಿಸ್ ಕಂಪನಿಯ ಕಿಟ್‌ನಲ್ಲಿ ಅದು ನೂರನೇ ಒಂದು ಪಾಲಿಗೆ ಇಳಿದು ಮಗುವಿನೆತ್ತರವಾಗುತ್ತದೆ. ಒಳಗಿರುವುದು ರಟ್ಟಿನ ಕೊಳವೆ. ಅದಕ್ಕೆ ಉದ್ದುದ್ದ ಏಣುಗಳನ್ನು ಮೂಡಿಸಿದ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಅಂಚು ಕತ್ತರಿಸಿ, ಮೊದಲು ಅಂಟಿಲ್ಲದೆ ಸುತ್ತಿ ನೋಡಿ, ಕೊಳವೆಯ ಮೇಲೆ ಪೆನ್ಸಿಲ್ ಗೆರೆ ಎಳೆದುಕೊಳ್ಳುತ್ತಾರೆ. ಕಾಗದಕ್ಕೆ ಹಿಡಿಯುವ ಬಿಳಿ ಅಂಟು ನುಣುಪು ಪ್ಲಾಸ್ಟಿಕ್ಕಿಗೆ ಹಿಡಿಯದು. ಅದಕ್ಕೆ ಬೇರೆ ಅಂಟು ಬೇಕು, ಒಳಮೈಯನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ಇನ್ನೂ ಒಳ್ಳೆಯದು.

ಅಸಲಿ ರಾಕೆಟ್ಟಿನಲ್ಲಿ ಆ ಏಣುಗಳು ಅಲಂಕಾರವಲ್ಲ. ಮೇಲಿನ ಹಂತಗಳ ಭಾರಕ್ಕೆ ತೆಳುವಾದ ಲೋಹದ ಗೋಡೆ ಮುದುಡದಂತೆ ತಡೆದದ್ದೇ ಅವು. ಮಾದರಿಯಲ್ಲಿ ಭಾರ ಹೊರುವುದು ರಟ್ಟು, ಏಣು ಬರೀ ವೇಷ.

ಹಾಗಾದರೆ ಮಾದರಿ ಸುಳ್ಳೇ?

13ನೇ ಶತಮಾನದ ಮಧ್ವಾಚಾರ್ಯರು ಜೀವನನ್ನು ಭಗವಂತನ ಪ್ರತಿಬಿಂಬ ಎಂದರು. ಅವರ ಮತದಲ್ಲಿ ಪ್ರತಿಬಿಂಬವೆಂದರೆ ಕನ್ನಡಿಯೊಳಗಿನ ಭ್ರಮೆಯಲ್ಲ. ಅದು ಬಿಂಬವನ್ನು ಹೋಲುತ್ತದೆ, ಬಿಂಬಕ್ಕೆ ಅಧೀನವಾಗಿರುತ್ತದೆ, ಎಂದಿಗೂ ಬಿಂಬವೇ ಆಗುವುದಿಲ್ಲ, ಆದರೂ ಸತ್ಯ. ಈ ಲೆಕ್ಕದಲ್ಲಿ ಹೋಲಿಕೆಗಿಂತ ದೊಡ್ಡದು ಸಂಬಂಧ.

2023ರ ಜುಲೈ 13ರಂದು, ಚಂದ್ರಯಾನ-3 ಹಾರುವ ಹಿಂದಿನ ದಿನ, ಇಸ್ರೊ ವಿಜ್ಞಾನಿಗಳು ಅದರ ಪುಟ್ಟ ಮಾದರಿಯೊಂದನ್ನು ತಿರುಮಲಕ್ಕೆ ಒಯ್ದು ವೆಂಕಟೇಶ್ವರನಿಗೆ ಪೂಜೆ ಸಲ್ಲಿಸಿದರು. ವಿಜ್ಞಾನಕ್ಕೂ ಗುಡಿಗೂ ಏನು ನಂಟು ಎಂದು ಕೇಳಿದವರುಂಟು. ಆ ಮಾದರಿ ಎಷ್ಟು ಕರಾರುವಾಕ್ಕಾಗಿದೆ ಎಂಬುದು ಅಲ್ಲಿ ಮುಖ್ಯವಾಗಿರಲಿಲ್ಲ. ಗರ್ಭಗುಡಿ ಬಿಟ್ಟು ಕದಲದ ಮೂಲವಿಗ್ರಹದ ಪರವಾಗಿ ಉತ್ಸವಮೂರ್ತಿ ಬೀದಿಗೆ ಬರುವುದಿಲ್ಲವೇ? ಶ್ರೀಹರಿಕೋಟ ಬಿಟ್ಟು ಬರಲಾಗದ ವಾಹನದ ಪರವಾಗಿ ಮಾದರಿ ಬೆಟ್ಟ ಹತ್ತಿತ್ತು.

ಚಿಗಳ್ಳಿ ಇರುವ ತಾಲ್ಲೂಕಿನಲ್ಲೇ ಇದಕ್ಕೆ ತಿರುಗುಮುರುಗಾದ ಇನ್ನೊಂದು ಉತ್ತರವೂ ಸಿಗುತ್ತದೆ. 1966ರಲ್ಲಿ ನೆಲೆಯಾದ ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಗಾದೆನ್, ದ್ರೆಪುಂಗ್ ಮಠಗಳಿವೆ. ಟಿಬೆಟನ್ ಬೌದ್ಧರಿಗೆ ಎರಕದ ಬುದ್ಧ ಎಷ್ಟೇ ಸುಂದರವಾಗಿದ್ದರೂ ಒಳಗೆ ಟೊಳ್ಳಾಗಿದ್ದರೆ ಸಾಲದು. ನಡುವೆ ಬೆನ್ನುಮೂಳೆಯಂತೆ ಮರದ ಕೋಲು ನಿಲ್ಲಿಸುತ್ತಾರೆ. ಮಂತ್ರ ಅಚ್ಚಾದ ಕಾಗದದ ಪಟ್ಟಿಗಳನ್ನು ಬಿಗಿಯಾಗಿ ಸುತ್ತಿ, ಹಳದಿ ಬಟ್ಟೆ ಹೊದಿಸಿ ತುಂಬುತ್ತಾರೆ. ಬುಡಕ್ಕೆ ತಗಡು ಬಡಿದು ಮುಚ್ಚಿದ ಮೇಲೆ ಪ್ರತಿಷ್ಠೆ.

ರಾಕೆಟ್ ಮಾದರಿಯ ಮೇಜಾಗಲಿ ಮಠವಾಗಲಿ, ಎರಡೂ ಕಡೆ ಕೈಗೆ ಸುತ್ತುವ ಕೆಲಸವೇ. ಒಬ್ಬರು ಸುತ್ತಿದ್ದು ನೋಡುವವರಿಗಾಗಿ ಹೊರಗೆ ಉಳಿಯುತ್ತದೆ, ಇನ್ನೊಬ್ಬರು ಸುತ್ತಿದ್ದು ಕತ್ತಲೆಗೆ ಸೇರುತ್ತದೆ. ಅಲ್ಲಿ ಯಾರೂ ಓದುವುದಿಲ್ಲ. ಹಾಗಿದ್ದರೂ ಅಕ್ಷರಗಳು ತಲೆಕೆಳಗಾಗಬಾರದೆಂದು ಪ್ರತಿ ಸುರುಳಿಯ ಮೇಲ್ತುದಿಗೆ ಗುರುತು ಹಾಕಿಯೇ ಒಳಗಿಡುತ್ತಾರೆ. ಪ್ಲಾಸ್ಟಿಕ್ ಹಾಳೆಯಡಿ ಮುಚ್ಚಿಹೋಗುವ ಆ ಪೆನ್ಸಿಲ್ ಗೆರೆಯ ಹಾಗೆ.